ವೈ-ಫೈ ಮತ್ತು ಜಿಗ್‌ಬೀ: ಸಿಮ್ಯುಲೇಷನ್‌ನಲ್ಲಿ ಅಡಚಣೆಯೇ ಕಾಣುತ್ತಿಲ್ಲ, ಏಕೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ಪ್ರಾಜೆಕ್ಟ್‌ಗಾಗಿ ಎನ್‌ಎಸ್-3 ಎಂಬ ಜಾಲ ಸಿಮ್ಯುಲೇಟರ್ ಬಳಸಿ, ಚಾನೆಲ್ 6ರ ಒಂದು ವೈ-ಫೈ ಆಕ್ಸೆಸ್ ಪಾಯಿಂಟ್ ಮತ್ತು ಚಾನೆಲ್ 18ರ ಕೆಲವು ಜಿಗ್‌ಬೀ (ಕಡಿಮೆ ವಿದ್ಯುತ್ ಬಳಸುವ ನಿಸ್ತಂತು ತಂತ್ರಜ್ಞಾನ) ಸೆನ್ಸರ್‌ಗಳನ್ನು ಒಂದೇ ಕೋಣೆಯಲ್ಲಿ ಇರಿಸಿದ್ದೇನೆ. ಮೊದಲನೆಯದರ ಕೇಂದ್ರ 2437 ಮೆಗಾಹರ್ಟ್ಜ್, ಎರಡನೆಯದರದು 2440. ಆದ್ದರಿಂದ ಸೆನ್ಸರ್‌ಗಳ ಸಂಕೇತ ವೈ-ಫೈ ಆವರ್ತನ ಪಟ್ಟಿಯ ಒಳಗೇ ಬೀಳುತ್ತದೆ. ನಿಜವಾದ ಉಪಕರಣಗಳನ್ನು ಹೀಗೆಯೇ ಜೋಡಿಸಿದಾಗ, ದೊಡ್ಡ ಫೈಲ್ ಡೌನ್‌ಲೋಡ್ ಆರಂಭವಾದೊಡನೆ ಸೆನ್ಸರ್ ಪ್ಯಾಕೆಟ್‌ಗಳು ಕಳೆದುಹೋಗುತ್ತವೆ. ಸಿಮ್ಯುಲೇಷನ್‌ನಲ್ಲಿ ಒಂದೂ ಕಳೆಯುವುದಿಲ್ಲ. ವೈ-ಫೈಗೆ ಎನ್‌ಎಸ್-3ರ ಯಾನ್ಸ್ ಚಾನೆಲ್ (ಸಂಕೇತ ಹರಡುವ ಮಾಧ್ಯಮದ ಒಂದು ಮಾದರಿ) ಬಳಸಿದ್ದೇನೆ. ಎಲ್ಲಿ ತಪ್ಪಿದ್ದೇನೆಂದು ದಯವಿಟ್ಟು ತಿಳಿಸಿ.

ಉತ್ತರ 1:
ತಪ್ಪು ಯಾನ್ಸ್ ಚಾನೆಲ್‌ನಲ್ಲಿಯೇ ಇದೆ. ಅದು ವೈ-ಫೈ ಪ್ಯಾಕೆಟ್‌ಗಳನ್ನು ಮಾತ್ರ ಬಲ್ಲದು. ಬೇರೆ ತಂತ್ರಜ್ಞಾನದ ಸಂಕೇತ ಅದರೊಳಗೆ ಬರುವ ದಾರಿಯೇ ಇಲ್ಲ. ನಿಮ್ಮ ಎರಡು ಜಾಲಗಳೂ ಬೇರೆ ಬೇರೆ ಆಕಾಶಗಳಲ್ಲಿ ಮಾತನಾಡುತ್ತಿವೆ ಎಂದುಕೊಳ್ಳಿ. ವೈ-ಫೈಗೆ ಸ್ಪೆಕ್ಟ್ರಮ್ ಆಧಾರಿತ ಭೌತಿಕ ಸ್ತರವನ್ನು (ಸಂಕೇತ ಕಳುಹಿಸುವ, ಸ್ವೀಕರಿಸುವ ಭಾಗ) ಆರಿಸಿ, ಎರಡನ್ನೂ ಒಂದೇ ಮಲ್ಟಿಮಾಡೆಲ್ ಸ್ಪೆಕ್ಟ್ರಮ್ ಚಾನೆಲ್‌ಗೆ ಜೋಡಿಸಿ. ಆಗ ಪ್ರತಿಯೊಂದು ಸಂಕೇತವೂ ಆವರ್ತನದುದ್ದಕ್ಕೂ ಹರಡಿದ ಶಕ್ತಿಯಾಗಿ ಎಲ್ಲ ಗ್ರಾಹಕಗಳನ್ನೂ ತಲುಪುತ್ತದೆ. ಒಂದು ಲೆಕ್ಕವನ್ನು ಕೈಯಿಂದಲೇ ಸರಿನೋಡಿ: ವೈ-ಫೈಯ 20 ಮೆಗಾಹರ್ಟ್ಜ್ ಶಕ್ತಿಯಲ್ಲಿ ಜಿಗ್‌ಬೀಯ 2 ಮೆಗಾಹರ್ಟ್ಜ್ ಒಳಗೆ ಬೀಳುವುದು ಹತ್ತನೆಯ ಒಂದು ಪಾಲು, ಅಂದರೆ 10 ಡೆಸಿಬೆಲ್ ಕಡಿಮೆ.

ಉತ್ತರ 2:
ಮೇಲಿನ ಸಲಹೆ ಸರಿಯಾಗಿದೆ, ಆದರೆ ನನ್ನ ಅನುಭವದಲ್ಲಿ ಶಕ್ತಿಗಿಂತ ಕಾಲದ ಲೆಕ್ಕವೇ ಹೆಚ್ಚು ಮುಖ್ಯ. ಜಿಗ್‌ಬೀ ಸಾಧನವು 128 ಮೈಕ್ರೋಸೆಕೆಂಡ್ ಆಲಿಸಿ, ಚಾನೆಲ್ ಖಾಲಿಯಿದೆ ಎಂದು ತೀರ್ಮಾನಿಸಿದ ಮೇಲೆ, ಆಲಿಸುವ ಸ್ಥಿತಿಯಿಂದ ಕಳುಹಿಸುವ ಸ್ಥಿತಿಗೆ ಬರಲು 192 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. 802.11ಜಿ ವೈ-ಫೈಯ ಆರಂಭಿಕ ಕಾಯುವಿಕೆ 28 ಮೈಕ್ರೋಸೆಕೆಂಡ್. ಅದಕ್ಕೆ ತಲಾ 9ರಂತೆ ಗರಿಷ್ಠ 15 ಸ್ಲಾಟ್‌ಗಳನ್ನು (ಕಾಯುವಿಕೆಯ ಕಾಲದ ತುಣುಕುಗಳು) ಸೇರಿಸಿದರೂ ಮೊದಲ ಯತ್ನದ ಮೊತ್ತ 163 ಮಾತ್ರ. ಹೀಗಾಗಿ ಸೆನ್ಸರ್ ಬಾಯಿ ತೆರೆಯುವ ಮೊದಲೇ ವೈ-ಫೈ ಮಾತು ಆರಂಭಿಸಿರಬಹುದು.

ಸೆನ್ಸರ್ ಮೊದಲು ಆರಂಭಿಸಿದರೂ ಅದರ ದನಿ ವೈ-ಫೈಗೆ ಕೇಳಿಸುವುದು ಕಷ್ಟ. ಬೇರೆ ಬಗೆಯ ಸಂಕೇತಕ್ಕೆ ವೈ-ಫೈ ಚಾನೆಲ್ ಬಿಟ್ಟುಕೊಡುವ ಮಿತಿ -62 ಡಿಬಿಎಂ (1 ಮಿಲಿವ್ಯಾಟನ್ನು 0 ಎಂದಿಟ್ಟು ಡೆಸಿಬೆಲ್‌ನಲ್ಲಿ ಅಳೆದ ಶಕ್ತಿ). 1 ಮಿಲಿವ್ಯಾಟ್‌ನ ಸಂಕೇತವು ತೆರೆದ ಬಯಲಿನಲ್ಲಿಯೂ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 60 ಡೆಸಿಬೆಲ್ ಕುಗ್ಗುತ್ತದೆ. ನಡುವೆ ಒಂದು ಗೋಡೆ ಬಂದರೆ ಸಾಕು, ಅದು ಮಿತಿಗಿಂತ ಕೆಳಗಿಳಿಯುತ್ತದೆ. ಆದ್ದರಿಂದ ನಿಮ್ಮ ಮಾದರಿಯಲ್ಲಿ ಈ ಮಿತಿಯನ್ನೂ, ಗೋಡೆಯಿದ್ದರೆ ಅದರ ನಷ್ಟವನ್ನೂ ತಪ್ಪದೆ ಪರಿಶೀಲಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಯಾನ್ಸ್ ಬದಲು ಸ್ಪೆಕ್ಟ್ರಮ್ ಚಾನೆಲ್ ಬಳಸಿದೊಡನೆ ಪ್ಯಾಕೆಟ್ ನಷ್ಟ ಕಾಣಿಸಿಕೊಂಡಿತು. ಜಿಗ್‌ಬೀಯನ್ನು 2480 ಮೆಗಾಹರ್ಟ್ಜ್‌ನ ಚಾನೆಲ್ 26ಕ್ಕೆ ಒಯ್ದಾಗ ಮರೆಯಾಯಿತು. ವೈ-ಫೈಗೆ ಆಗುವ ಹಾನಿಯನ್ನೂ ಇದೇ ಮಾದರಿಯಿಂದ ಅಳೆಯಬಹುದೇ?

ಉತ್ತರ 2:
ಅಳೆಯಬಹುದು, ಆದರೆ ಅಂಕಿಗಳನ್ನು ಎಚ್ಚರದಿಂದ ಓದಿ. ನಿಜದಲ್ಲಿ ಜಿಗ್‌ಬೀ ಸಂಕೇತವು ವೈ-ಫೈಯ ಕೆಲವೇ ಉಪವಾಹಕಗಳ (ಪಟ್ಟಿಯೊಳಗಿನ ಕಿರು ಆವರ್ತನಗಳು) ಮೇಲೆ ಬೀಳುತ್ತದೆ. ಅಡಚಣೆಯ ಒಟ್ಟು ಶಕ್ತಿಯನ್ನು ಇಡೀ ಪಟ್ಟಿಗೆ ಸಮನಾಗಿ ಹಂಚಿ ಲೆಕ್ಕಹಾಕಿದರೆ ಆ ಕೆಲವು ಉಪವಾಹಕಗಳ ಸಂಕಷ್ಟ ಮುಚ್ಚಿಹೋಗುತ್ತದೆ. ಆ ಭಾಗಕ್ಕೆ ಪ್ರಯೋಗಾಲಯದ ಅಳತೆಯನ್ನೇ ಆಧಾರವಾಗಿಟ್ಟುಕೊಳ್ಳುವುದು ಒಳ್ಳೆಯದು.