ಕಾಮಿನೋ: ಹಳದಿ ಬಾಣ ಒಂದನ್ನೇ ನಂಬಿ ಹೊರಡಬಹುದಾ?

ದಿಕ್ಕುಗೇಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿನಲ್ಲಿ ಫ್ರಾನ್ಸ್ ಗಡಿಯ ಸ್ಯಾಂ-ಜ್ಯಾಂ-ಪಿಯೆ-ದ-ಪೋರ್‌ನಿಂದ ಸ್ಪೇನಿನ ಸಾಂತಿಯಾಗೋವರೆಗೆ ಕಾಮಿನೋ ಅನ್ನುವ ಹಳೆಯ ಯಾತ್ರಾದಾರಿಯಲ್ಲಿ ನಡೆಯಬೇಕು ಅಂತಿದ್ದೇನೆ. ನನಗೆ ಐವತ್ತೆಂಟು. ನಡಿಗೆಯ ಭಯ ಇಲ್ಲ, ದಾರಿಯದ್ದೇ ಭಯ. ಲಿಫ್ಟಿನಿಂದ ಹೊರಬಂದರೆ ಎಡಕ್ಕೋ ಬಲಕ್ಕೋ ಅಂತ ನಿಂತು ಯೋಚಿಸುವವಳು ನಾನು. ಇಷ್ಟು ವರ್ಷ ನಮ್ಮವರು ಮುಂದೆ, ನಾನು ಹಿಂದೆ. ಈಗ ಅವರಿಗೆ ಮೊಣಕಾಲು ನೋವು, ಹಾಗಾಗಿ ಒಬ್ಬಳೇ.

ಸುಮಾರು 780 ಕಿ.ಮೀ. ದಾರಿ. ಕಲ್ಲಿನ ಮೇಲೆ ಬಳಿದ ಹಳದಿ ಬಾಣ ನೋಡಿಕೊಂಡು ಹೋದರೆ ಸಾಕು ಅಂತಾರೆ, ನಿಜವಾ? ಇಲ್ಲಾ ದಿನವಿಡೀ ಮೊಬೈಲ್ ಹಿಡಿದುಕೊಂಡೇ ನಡೆಯಬೇಕಾ?

ಬೆನ್ನುಚೀಲ:

ಏನೂ ಯೋಚನೆ ಮಾಡಬೇಡಿ ಮೇಡಂ. ಸೆಪ್ಟೆಂಬರಿನಲ್ಲಿ ಜಾತ್ರೆ ಥರ ಜನ ಇರ್ತಾರೆ. ಮುಂದಿನವರ ಹಿಂದೆ ಹೋಗ್ತಾ ಇರಿ.

ಎರಡು ಸಲ ನಡೆದವನು:

ಬೆನ್ನುಚೀಲ ಅವರೇ, ಕ್ಷಮಿಸಿ, ನಾನು ದಾರಿ ತಪ್ಪಿದ್ದೇ ಆ ಕೆಲಸ ಮಾಡಿ. ಕೊನೆಯ ಪ್ರಾಂತ ಗಲಿಸಿಯಾದಲ್ಲಿ ತ್ರಿಯಾಕಾಸ್ತೆಲಾ ಊರು ದಾಟುವಾಗ ದಾರಿ ಎರಡಾಗುತ್ತದೆ: ಬಲಕ್ಕೆ ಸಾನ್ ಶಿಲ್, ಎಡಕ್ಕೆ ಸಮೋಸ್. ಬಾಣ ಎರಡೂ ಕಡೆಗೆ ಇದೆ, ಎರಡೂ ಸರಿ. ನಾನು ಬೋರ್ಡು ಓದುವ ಗೋಜಿಗೆ ಹೋಗದೆ ಎರಡು ಕೆಂಪು ಚೀಲಗಳ ಹಿಂದೆ ಎಡಕ್ಕೆ ಹೋದೆ. ಅವರು ಬೇಕಂತಲೇ ಸಮೋಸಿನ ಹಳೆಯ ಮಠ ನೋಡಲು ಹೊರಟವರು. ಮುಂದಿನ ಸಾರಿಯಾ ಊರು ಮುಟ್ಟುವ ಮೊದಲು ದಾರಿಗಳು ಮತ್ತೆ ಕೂಡುತ್ತವೆ ನಿಜ, ಆದರೆ ಅವತ್ತು ಆರೇಳು ಕಿಲೋಮೀಟರ್ ಹೆಚ್ಚಿಗೆ ಬಿತ್ತು. ಬೊಬ್ಬೆ ಎದ್ದ ಕಾಲಿಗೆ ಆರೇಳು ಅಂದರೆ ಏನು ಅಂತ ಹೋದಮೇಲೆ ಗೊತ್ತಾಗುತ್ತೆ. ಮಠ ಚೆನ್ನಾಗಿತ್ತು, ಅದು ಬೇರೆ ಮಾತು.

ಅಕ್ಕಾ, ಬಾಣ ನಂಬಿ. ಒ ಸೆಬ್ರೇರೋ ಅನ್ನುವ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಲಿನ್ಯಾ 1980ರ ದಶಕದಲ್ಲಿ ಹಳದಿ ಬಣ್ಣದ ಡಬ್ಬಿ ಹಿಡಿದು ಶುರುಮಾಡಿದ ಕೆಲಸ ಅದು. ಈಗ ಮರ, ಗೋಡೆ, ಕರೆಂಟು ಕಂಬ, ಎಲ್ಲೆಲ್ಲೂ ಇದೆ. ನನ್ನ ರೂಢಿ ಏನೆಂದರೆ, ಹತ್ತು ನಿಮಿಷ ನಡೆದೂ ಬಾಣ ಕಾಣದಿದ್ದರೆ ನಿಂತುಬಿಡುತ್ತೇನೆ. ಮುಂದೆ ಎಲ್ಲೋ ಸಿಕ್ಕೀತು ಅಂತ ಹೋಗುವುದಿಲ್ಲ, ಕೊನೆಯ ಬಾಣ ಕಂಡಲ್ಲಿಗೆ ವಾಪಸ್. ಇಳಿಜಾರಿನಲ್ಲಿ ಹರಟೆ ಹೊಡೆಯುತ್ತಾ ಹೋಗುವಾಗಲೇ ತಿರುವು ತಪ್ಪುವುದು. ಮತ್ತೆ ಹತ್ತಬೇಕಲ್ಲ ಅಂತ ಮನಸ್ಸು ಬರುವುದಿಲ್ಲ. ಹತ್ತಿಬಿಡಿ.

ಎಲ್ಲ ಹಳದಿಯೂ ಅಸಲಿ ಅಲ್ಲ, ಅದೂ ಗೊತ್ತಿರಲಿ. ಕೆಲವು ಕಡೆ ಹೋಟೆಲಿನವರು ತಮ್ಮ ಬಾಗಿಲಿಗೆ ಜನ ಬರಲಿ ಅಂತ ತಾವೇ ಬಳಿದುಕೊಂಡಿರುತ್ತಾರೆ. ಒಂದು ಸಲ ಹಾಗೇ ಹೋಗಿ ಕಾಫಿ ಕುಡಿದು ಬಂದೆ. ಈ ಯಾತ್ರೆಯ ಲಾಂಛನವಾದ ಕಡಲ ಚಿಪ್ಪಿನ ಗುರುತು ಕಂಡರೆ ದಾರಿ ಇದೇ ಅಂದುಕೊಳ್ಳಿ, ಆದರೆ ಅದರ ತುದಿ ಯಾವ ಕಡೆಗಿದೆ ಅಂತ ಲೆಕ್ಕ ಹಾಕಬೇಡಿ. ಒಂದೊಂದು ಪ್ರಾಂತದಲ್ಲಿ ಒಂದೊಂದು ಥರ ಕೂರಿಸಿದ್ದಾರೆ.

ದಿಕ್ಕು ತಿಳಿಯದವರಿಗೆ ಈ ದಾರಿಯಲ್ಲೊಂದು ಅನುಕೂಲ ಇದೆ. ಒಟ್ಟಾರೆ ನೀವು ನಡೆಯುವುದು ಪಶ್ಚಿಮಕ್ಕೆ. ಬೆಳಿಗ್ಗೆ ನಿಮ್ಮ ನೆರಳು ನಿಮ್ಮ ಮುಂದೆ ಬಿದ್ದಿರಬೇಕು, ಮಧ್ಯಾಹ್ನ ಎಡಗೆನ್ನೆ ಸುಡಬೇಕು. ನಾನು ಮನೆಗೆ ಬಂದಾಗ ಎಡಗಿವಿ ಮಾತ್ರ ಕರ್ರಗಾಗಿತ್ತು.

ಮೊಬೈಲ್ ಜೇಬಿನಲ್ಲಿರಲಿ. ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ನೀವೆಲ್ಲಿದ್ದೀರಿ ಅಂತ ತೋರಿಸುತ್ತದೆ. ಅದು ಬೇಕಾಗುವುದು ಬುರ್ಗೋಸ್, ಲಿಯೋನ್‌ನಂಥ ದೊಡ್ಡ ಊರುಗಳಿಂದ ಹೊರಬೀಳುವಾಗ. ಅದೂ ಕತ್ತಲಲ್ಲಿ. ಪಶ್ಚಿಮಕ್ಕೆ ಹೋದಂತೆಲ್ಲ ಅಲ್ಲಿ ಸೂರ್ಯ ಹುಟ್ಟುವುದೇ ಎಂಟರ ಸುಮಾರಿಗೆ, ಐದೂವರೆಗೆ ಎದ್ದು ಹೊರಟು ಟಾರ್ಚಿನಲ್ಲಿ ಗೋಡೆ ಗೋಡೆ ತಡಕಾಡುವ ಶೂರರನ್ನು ನೋಡಿ ನಕ್ಕು ಇನ್ನೊಂದು ಗಂಟೆ ಮಲಗಿ.

ಗುಡ್ಡದ ಹುಚ್ಚ:

ಅವರು ಮೊದಲ ದಿನದ ಬಗ್ಗೆ ಹೇಳಲಿಲ್ಲ. ಗಡಿಯ ಪಿರನೀಸ್ ಬೆಟ್ಟ ಹತ್ತುವಾಗ ಫ್ರಾನ್ಸ್ ಕಡೆ ಕೆಂಪು-ಬಿಳಿ ಪಟ್ಟಿಗಳನ್ನು ನೋಡಿಕೊಳ್ಳಿ. ಆ ಬಣ್ಣಗಳಲ್ಲೇ X ಆಕಾರದಲ್ಲಿ ಗೀಟು ಹಾಕಿದ್ದರೆ ಆ ಕಡೆ ಹೋಗಬೇಡಿ ಅಂತ ಅರ್ಥ. ಮೇಲೆ ಲೆಪೋಯೆದರ್ ಕಣಿವೆಬಾಯಿಯಲ್ಲಿ ಸ್ಪೇನ್ ಕಡೆಯ ರೊನ್ಸೆಸ್ವಾಯೆಸ್ ಊರಿಗೆ ಇಳಿಯಲು ಎರಡು ದಾರಿ. ಕಾಡಿನೊಳಗಿನದು ಕಡಿದಾಗಿದೆ, ಮಳೆ ಬಂದಿದ್ದರೆ ಜಾರುತ್ತದೆ. ಬಲಕ್ಕೆ ಇಬಾನ್ಯೆತಾ ಮೇಲಿನಿಂದ ಇಳಿಯಿರಿ. ಬೆಳಿಗ್ಗೆಯೇ ದಟ್ಟ ಮಂಜಿದ್ದರೆ ಬೆಟ್ಟದ ದಾರಿ ಬಿಟ್ಟು ಕೆಳಗಿನ ವಾಲ್ಕಾರ್ಲೋಸ್ ದಾರಿ ಹಿಡಿಯಿರಿ. ಮೇಲಿನ ದಾರಿಯನ್ನು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚಿಯೇ ಇಡುತ್ತಾರೆ, ಸುಮ್ಮನೆ ಅಲ್ಲ. ತುರ್ತಿಗೆ 112.

ದಿಕ್ಕುಗೇಡಿ:

ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ನೆರಳನ್ನು ಮುಂದಿಟ್ಟುಕೊಂಡು ಒಂದು ಗಂಟೆ ನಡೆದೆ, ಬೆನ್ನಿಗಿಟ್ಟುಕೊಂಡು ವಾಪಸ್ ಬಂದೆ. ಯಾರನ್ನೂ ಕೇಳಲಿಲ್ಲ! ನಮ್ಮವರು ಬಾಗಿಲಲ್ಲಿ ಕಾಯ್ತಾ ನಿಂತಿದ್ದರು.

ಮಠದ ಸುದ್ದಿ ಓದಿದಮೇಲೆ ಆ ಉದ್ದದ ದಾರಿಯಲ್ಲೇ ಹೋಗಬೇಕು ಅನ್ನಿಸ್ತಿದೆ. ಎಡಕ್ಕೆ ತಾನೆ?

ಎರಡು ಸಲ ನಡೆದವನು:

ಎಡಕ್ಕೆ. ಬೋರ್ಡು ಓದಿ.