ರಾತ್ರಿ ಊಟ ಬಿಟ್ಟು ಬರೀ ಹಣ್ಣು: ಬೊಜ್ಜಿಗೂ ಮರೆವಿಗೂ ಆಗಿಬರುತ್ತಾ?

ಪ್ರಶ್ನೆ: ಅಮ್ಮನಿಗೆ 58 ವರ್ಷ, ಎತ್ತರ 158 ಸೆಂ.ಮೀ., ತೂಕ 84 ಕೆ.ಜಿ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ನಡೀತಿದೆ. ರಾತ್ರಿ ಹಣ್ಣು ಮಾತ್ರ ತಿಂದರೆ ತೂಕವೂ ಇಳಿಯುತ್ತೆ, ಮರೆವೂ ಹೋಗುತ್ತೆ ಅಂತ ನೆಂಟರು ಹೇಳ್ತಿದ್ದಾರೆ. ತಿಳಿದವರು ಹೇಳಿ.

ಉತ್ತರ 1: ಮೊದಲು ಮಾತ್ರೆ ವಿಷಯ. ಊಟ ಮಾಡಲಿ, ಬಿಡಲಿ, ಗ್ಲಿಮಿಪಿರೈಡ್ ಇನ್ಸುಲಿನ್ ಹೊರಡಿಸಿಯೇ ತೀರುತ್ತೆ. ಮುದ್ದೆ ಬಿಟ್ಟು ಎರಡು ಹೋಳು ಪಪ್ಪಾಯ ತಿಂದು ಮಲಗಿದರೆ ನಡುರಾತ್ರಿ ಶುಗರ್ 70ರ ಕೆಳಗೆ ಹೋಗಬಹುದು. ಬೆವರು, ನಡುಕ, ತಬ್ಬಿಬ್ಬು ಶುರು. ಮಿದುಳಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು ಮಿದುಳಿಗೇ ಪೆಟ್ಟು. ಡಾಕ್ಟರ ಹತ್ತಿರ ಡೋಸ್ ಮಾತಾಡದೆ ಊಟ ಬಿಡಿಸಬೇಡಿ.

ಉತ್ತರ 2: ಹಣ್ಣು ಬೇಡ ಅಂತಲ್ಲ, ಬಿಸ್ಕತ್ತಿನ ಜಾಗಕ್ಕೆ ಬರಲಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2024ರ ಮಾರ್ಗಸೂಚಿಯ 2000 ಕ್ಯಾಲೊರಿ ತಟ್ಟೆಯಲ್ಲಿ ದಿನಕ್ಕೆ ಹಣ್ಣು 100 ಗ್ರಾಂ, ತರಕಾರಿ 400 ಗ್ರಾಂ. ತಿನ್ನದ ಸಿಪ್ಪೆ, ಬೀಜ ತೆಗೆದ ಮೇಲೆ ತೂಗಿ. 100 ಗ್ರಾಂ ಸೀಬೆಯಲ್ಲಿ ಸುಮಾರು 9 ಗ್ರಾಂ ಸಕ್ಕರೆ, 5 ಗ್ರಾಂ ನಾರು. ಮಾವಿನಲ್ಲಿ ಸಕ್ಕರೆ 14, ನಾರು ಒಂದೂವರೆ ಅಷ್ಟೇ. ಹಲಸಿನ ತೊಳೆಯಲ್ಲಿ ಸಕ್ಕರೆ 19. ಸೀಬೆಯನ್ನು ಸಿಪ್ಪೆ ಸಮೇತ ಕಚ್ಚಿ ತಿನ್ನಲಿ (ಮೇಲೆ ಉಪ್ಪು-ಖಾರ ಬೇಕೇ ಬೇಕು ಅಂದರೆ ಖಾರ ಮಾತ್ರ, ಬಿಪಿ ಇದ್ದರೆ).

ಜ್ಯೂಸ್ ಬೇಡವೇ ಬೇಡ. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ಹಣ್ಣು ಹಿಂಡಬೇಕು. ಮೇಲೆ ಸಕ್ಕರೆ ಹಾಕದಿದ್ದರೂ 16-17 ಗ್ರಾಂ ಸಕ್ಕರೆ, ನಾರೆಲ್ಲ ಜರಡಿಯಲ್ಲಿ. ಅಗಿದು ತಿಂದಾಗ ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ನಿಧಾನವಾಗಿ ಇಳಿಯುತ್ತೆ. ಕುಡಿದಾಗ ಒಂದೇ ಸಲ ಲಿವರ್‌ಗೆ ಬೀಳುತ್ತೆ. ದಿನಾ ಹೀಗೆ ಹೆಚ್ಚಾದದ್ದನ್ನು ಲಿವರ್ ಕೊಬ್ಬು ಮಾಡುತ್ತೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಏರುತ್ತೆ.

ಉತ್ತರ 3: ಮರೆವಿನ ಬಗ್ಗೆ ಅತಿ ಆಸೆ ಬೇಡ. ಹೊಟ್ಟೆಯ ಬೊಜ್ಜು, ಹೆಚ್ಚಿದ ಶುಗರ್, ಬಿಪಿ ಮೂರೂ ಸೇರಿ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ. ಹಣ್ಣಿನಿಂದ ಏನಾದರೂ ಲಾಭ ಇದ್ದರೆ ಬಹುಪಾಲು ಇವುಗಳನ್ನು ತಗ್ಗಿಸುವುದರಿಂದಲೇ. ಬೆರ್ರಿ, ಸೊಪ್ಪು, ಬೀಜಗಳಿಗೆ ಒತ್ತು ಕೊಡುವ ‘ಮೈಂಡ್’ ಆಹಾರಕ್ರಮವನ್ನು ಅಮೆರಿಕದಲ್ಲಿ ತೂಕ ಹೆಚ್ಚಿದ್ದ 604 ಹಿರಿಯರ ಮೇಲೆ ಮೂರು ವರ್ಷ ಪರೀಕ್ಷಿಸಿದರು. 2023ರ ಫಲಿತಾಂಶ: ಬರೀ ಕ್ಯಾಲೊರಿ ಸ್ವಲ್ಪ ಇಳಿಸಿದ ಗುಂಪಿಗೂ ಇವರಿಗೂ ನೆನಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಅದಕ್ಕಿಂತ ಮೊದಲು ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದರೆ ಬಿ12 ಇಳಿಯಬಹುದು, ಅದೇ ಮರೆವಿಗೆ ಕಾರಣವಾಗುವುದುಂಟು. ಹಣ್ಣಿನಲ್ಲಿ ಬಿ12 ಇಲ್ಲವೇ ಇಲ್ಲ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಕೂಡ ಜೊತೆಗೇ ಮಾಡಿಸಿ.

ಉತ್ತರ 4: ಆ ಪರೀಕ್ಷೆಗಳಿಗೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಸೇರಿಸಿ. ಕಿಡ್ನಿ ಸೋತಿದ್ದರೆ ಧಾರೆಹುಳಿ (ಕೊಯ್ದರೆ ನಕ್ಷತ್ರದಂತೆ ಕಾಣುವ ಕಮರಾಕ್ಷಿ) ಮುಟ್ಟಿಸಬೇಡಿ. ಅದರ ವಿಷ ಹೊರಹೋಗದೆ ಮಿದುಳಿಗೇರುತ್ತೆ: ನಿಲ್ಲದ ಬಿಕ್ಕಳಿಕೆ, ಗಲಿಬಿಲಿ, ಫಿಟ್ಸ್.

ಪ್ರಶ್ನೆ ಕೇಳಿದವರು: ಹಾಗಾದರೆ ರಾತ್ರಿಗೆ ಏನು ಕೊಡಲಿ?

ಉತ್ತರ 2: ಅರ್ಧ ಮುದ್ದೆ, ಸೊಪ್ಪು-ಕಾಳಿನ ಸಾರು ಒಂದು ಬಟ್ಟಲು, ಮಜ್ಜಿಗೆ. ಹಣ್ಣು ಸಂಜೆ ನಾಲ್ಕಕ್ಕೆ. ಹೊಸ ಹಣ್ಣು ಕೊಟ್ಟ ದಿನ ತಿನ್ನುವ ಮುಂಚೆ ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ಶುಗರ್ ನೋಡಿ ಬರೆದಿಡಿ. ತುಂಬ ಏರಿದರೆ ಮುಂದಿನ ಸಲ ಅರ್ಧ ಕೊಡಿ.