ದುಬೈನಲ್ಲಿ ಫಿಲಿಪೀನ್ಸ್‌ನವರ ಜೊತೆ ರೂಮು, ಹೇಗಿರುತ್ತದೆ?

ವಿರಾಜಪೇಟೆ ಅಕ್ಕ:
ತಂಗಿಗೆ ದುಬೈನಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಸತ್ವಾದಲ್ಲಿ ಬೆಡ್‌ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಹಾಸಿಗೆಯ ಜಾಗ) ನೋಡಿದ್ದಾಳೆ, ಜೊತೆಗಿರುವ ಮೂವರೂ ಫಿಲಿಪೀನ್ಸ್‌ನವರು. ಅಮ್ಮನಿಗೆ ನಿದ್ದೆಯೇ ಇಲ್ಲ. ಅಲ್ಲಿದ್ದವರು ಸ್ವಲ್ಪ ಹೇಳಿ.

ಸೋಮವಾರಪೇಟೆ ಕಾಫಿ:
ಜನರ ಬಗ್ಗೆ ಭಯ ಬೇಡ ಅಕ್ಕ. ಸತ್ವಾದಲ್ಲಿ, ಡೇರಾದ ರಿಗ್ಗಾ ಕಡೆ ಅವರು ಜಾಸ್ತಿ. ತಮ್ಮ ದೇಶದವರನ್ನು 'ಕಬಾಯನ್' ಅಂತ ಕರೆಯುತ್ತಾರೆ, ಹೊಸಬರಿಗೆ ಅಕ್ಕಿಯಿಂದ ಹಿಡಿದು ಹಾಸಿಗೆವರೆಗೆ ಹೊಂದಿಸಿ ಕೊಡುತ್ತಾರೆ. ಭಯ ಇರಬೇಕಾದ್ದು ಬಾಡಿಗೆ ಕಾಗದದ ಬಗ್ಗೆ. ಮನೆ ಕರಾರು 'ಇಜಾರಿ'ಯಲ್ಲಿ, ಅಂದರೆ ದುಬೈ ಸರ್ಕಾರದ ಬಾಡಿಗೆ ಕರಾರು ನೋಂದಣಿ ವ್ಯವಸ್ಥೆಯಲ್ಲಿ, ನೋಂದಣಿ ಆಗಿರಬೇಕು, 2022ರಿಂದ ಜೊತೆಗಿರುವವರ ಹೆಸರನ್ನೂ ಅಲ್ಲಿನ ಭೂ ಇಲಾಖೆಯ ದುಬೈ ರೆಸ್ಟ್ ಆ್ಯಪ್‌ನಲ್ಲಿ ಸೇರಿಸಬೇಕು. ನಾನು ಇದನ್ನೆಲ್ಲ ಕೇಳದೆ ಅಡ್ವಾನ್ಸ್ ಕೊಟ್ಟೆ, ಮೂರೇ ವಾರಕ್ಕೆ ರೂಮು ಬಿಡಬೇಕಾಯಿತು, ದುಡ್ಡು ವಾಪಸ್ ಬರಲೇ ಇಲ್ಲ.

ಮಡಿಕೇರಿ ಮಂಜು:
ಊಟಕ್ಕೆ ತೊಂದರೆ ಆಗಲ್ಲ. ಅವರ ಅಡೋಬೊ ಅಂದರೆ ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬೇಯಿಸಿದ ಹಂದಿ ಅಥವಾ ಕೋಳಿ. ಹುಳಿ, ಮೆಣಸು ಎರಡೂ ಇದೆ, ನಮ್ಮ ಕೊಡಗಿನ ಪಂದಿಕರಿ ತಿಂದವರಿಗೆ ಹೊಸದೇನಲ್ಲ ಅಲ್ವಾ? ನನ್ನ ಫಿಲಿಪಿನೋ ರೂಮ್‌ಮೇಟ್‌ಗೆ ಪಂದಿಕರಿಗೆ ಹಾಕುವ ನಮ್ಮ ಕಪ್ಪು ಹುಳಿ ಕಾಚಂಪುಳಿ ಎಷ್ಟು ಹಿಡಿಸಿತು ಅಂದರೆ ರಜೆಗೆ ಬಂದಾಗೆಲ್ಲ ಅವಳಿಗೊಂದು ಬಾಟಲಿ ಒಯ್ಯುತ್ತಿದ್ದೆ. ಹಂದಿಮಾಂಸ ಕೆಲವು ಸೂಪರ್‌ಮಾರ್ಕೆಟ್‌ಗಳಲ್ಲಿ ಮಾತ್ರ, ಅದೂ ಬೇರೆಯೇ ವಿಭಾಗದಲ್ಲಿ ಸಿಗುತ್ತದೆ.

ರೂಮಿನ ಮೂಲೆಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ತಿಂಗಳುಗಟ್ಟಲೆ ಕೂತಿದ್ದರೆ ತಂಗಿ ಬೇಜಾರು ಮಾಡ್ಕೊಳ್ಳೋದು ಬೇಡ. ಅದು ಬಾಲಿಕ್‌ಬಾಯನ್ ಬಾಕ್ಸ್. ಸೋಪು, ಚಾಕಲೇಟು, ಮಕ್ಕಳ ಶೂ ಒಂದೊಂದೇ ತುಂಬಿಸಿ ಹಡಗಿನಲ್ಲಿ ಮನೆಗೆ ಕಳಿಸುತ್ತಾರೆ. ಎಷ್ಟೋ ಅಮ್ಮಂದಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು, ಆ ಪೆಟ್ಟಿಗೆ ತುಂಬುವಾಗ ಅವರ ಮುಖ ನೋಡಬೇಕು.

ವಿರಾಜಪೇಟೆ ಅಕ್ಕ:
ತುಂಬಾ ಥ್ಯಾಂಕ್ಸ್. ಇವತ್ತೇ ಇಜಾರಿ ಬಗ್ಗೆ ಕೇಳಿಸುತ್ತೇನೆ. ಕಾಚಂಪುಳಿ ಬಾಟಲಿ ಅಮ್ಮ ಆಗಲೇ ತೆಗೆದಿಟ್ಟರು.